ಇಟಾಲಿಯನ್ ಕೊಂಜುಂತೀವೊ: ಕೋಷ್ಟಕಕ್ಕೆ ಮೊದಲು ಮಾತು

ಇಟಾಲಿಯನ್ ಕಲಿಯುತ್ತಿರುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಕೊಂಜುಂತೀವೊ ಎಂಬ ಕ್ರಿಯಾರೂಪವನ್ನು ಯಾವಾಗ ಬಳಸಬೇಕು, ಹೇಗೆ ನೆನಪಿಡಬೇಕು? ಕಾಫಿ ಕೇಳಲು, ರೈಲಿನ ಹೊತ್ತು ವಿಚಾರಿಸಲು, ಮನೆಯವರ ಪರಿಚಯ ಹೇಳಲು ಕಲಿತು ಚೆನ್ನಾಗಿಯೇ ಮುಂದೆ ಸಾಗಿದವರು ಕೂಡ ಈ ಅಧ್ಯಾಯಕ್ಕೆ ಬಂದೊಡನೆ ನಿಂತುಬಿಡುತ್ತಾರೆ. ಇಂಗ್ಲಿಷ್ ಮೂಲಕ ಕಲಿಯುವವರಿಗೆ ಇದು ಸಬ್ಜಂಕ್ಟಿವ್ ಎಂಬ ಹೆಸರಿನಲ್ಲಿ ಎದುರಾಗುತ್ತದೆ. ಇಂಗ್ಲಿಷಿನಲ್ಲಿ ಆ ರೂಪ ಬಹುಮಟ್ಟಿಗೆ ಸವೆದುಹೋಗಿರುವುದರಿಂದ ವಿವರಣೆಯೂ ಒಣಗಿದಂತಿರುತ್ತದೆ. "ಸಂಶಯ, ಬಯಕೆ, ಭಾವನೆ, ಅಭಿಪ್ರಾಯಗಳಿಗೆ ಬಳಸಿರಿ" ಎಂಬ ಒಂದು ಸಾಲು, ಅದರ ಕೆಳಗೆ ನಾಲ್ಕು ಕಾಲಗಳ ಕೋಷ್ಟಕ. ಅದನ್ನು ಬಾಯಿಪಾಠ ಮಾಡಿದವರಿಗೂ ಮಾತನಾಡುವ ಹೊತ್ತಿಗೆ ಸರಿಯಾದ ರೂಪ ನಾಲಿಗೆಗೆ ಬರುವುದಿಲ್ಲ.

ನನ್ನ ಸಲಹೆ ಈ ಕ್ರಮವನ್ನು ತಿರುವು ಹಾಕುವುದು. ಇಟಲಿಯ ಜನ ದಿನವೂ ಆಡುವ, ಕೊಂಜುಂತೀವೊ ಒಳಗೇ ಅಡಗಿರುವ ಇಪ್ಪತ್ತು ಇಪ್ಪತ್ತೈದು ಮಾತುಗಳನ್ನು ಅವು ಹುಟ್ಟುವ ಸಂದರ್ಭದ ಸಮೇತ ಮೊದಲು ಕಲಿಯಿರಿ. ಕೋಷ್ಟಕ ಆಮೇಲೆ ಬರಲಿ. ಕನ್ನಡ ಬಲ್ಲವರಿಗೆ ಇದು ಸುಲಭವಾಗಲು ಕಾರಣವಿದೆ, ಅದನ್ನು ಮೊದಲ ಹಂತದಲ್ಲಿಯೇ ಹೇಳುತ್ತೇನೆ.

ಬೇಕಾದುದೇನು

ವರ್ತಮಾನ ಕಾಲದ ಕ್ರಿಯಾರೂಪಗಳು ನಿಮಗೆ ತಿಳಿದಿರಬೇಕು. ಪಾರ್ಲೊ, ಪಾರ್ಲಿ, ಪಾರ್ಲಾ (ಮಾತಾಡುತ್ತೇನೆ, ಮಾತಾಡುತ್ತೀಯೆ, ಮಾತಾಡುತ್ತಾನೆ) ಎಂಬುವು ತಡವರಿಸದೆ ಬರುವಂತಿದ್ದರೆ ಸಾಕು. ಒಂದು ನೋಟ್‌ಬುಕ್ ಬೇಕು. ದಿನಕ್ಕೆ ಹದಿನೈದು ನಿಮಿಷವಾದರೂ ಇಟಾಲಿಯನ್ ಕೇಳಿಸಿಕೊಳ್ಳುವ ಅನುಕೂಲ ಬೇಕು. ಇಟಲಿಯ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ರಾಯ್‌ನ ರೇಡಿಯೊ ಅಂತರ್ಜಾಲದಲ್ಲಿ ಸಿಗುತ್ತದೆ.

ಲಿಪಿಯ ಬಗ್ಗೆ ಒಂದು ಮಾತು. ಇಟಾಲಿಯನ್‌ನ ದಂತ್ಯ ತ, ದಗಳನ್ನೂ ದ್ವಿತ್ವಗಳನ್ನೂ ಕನ್ನಡ ಲಿಪಿ ಚೆನ್ನಾಗಿ ಹಿಡಿಯುತ್ತದೆ. ಆದ್ದರಿಂದ ಉಚ್ಚಾರಣೆ ಗಟ್ಟಿಯಾಗುವವರೆಗೆ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿಯೇ ಬರೆದುಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಪಕ್ಕದಲ್ಲಿ ಇಟಾಲಿಯನ್ ಕಾಗುಣಿತವೂ ಇರಲಿ. ಫೊಸ್ಸೆ, ಅವೆಸ್ಸಿ ಎಂಬಲ್ಲಿ ಒತ್ತಕ್ಷರವನ್ನು ನಿಜವಾಗಿಯೂ ಒತ್ತಿ ಹೇಳಬೇಕು. ಕೊನೆಯ ಸ್ವರವನ್ನಂತೂ ನುಂಗಲೇಬಾರದು, ಏಕೆಂದರೆ ಕೊಂಜುಂತೀವೊದ ಗುರುತು ಹೆಚ್ಚಿನ ಸಂದರ್ಭಗಳಲ್ಲಿ ಆ ಒಂದು ಸ್ವರದಲ್ಲಿಯೇ ಇರುತ್ತದೆ.

ಹಂತ 1: ಕನ್ನಡದ 'ಅಲಿ'ಯನ್ನು ಗುರುತಿಸಿಕೊಳ್ಳಿ

ಪ್ರೌಢಶಾಲೆಯ ವ್ಯಾಕರಣದಲ್ಲಿ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂಬ ಮೂರು ಕ್ರಿಯಾರೂಪಗಳನ್ನು ಓದಿದ್ದು ನೆನಪಿರಬಹುದು. "ದೇವರು ಒಳ್ಳೆಯದು ಮಾಡಲಿ" ಎಂಬುದು ವಿಧ್ಯರ್ಥಕ. "ಇಂದು ಮಳೆ ಬಂದೀತು" ಎಂಬುದು ಸಂಭಾವನಾರ್ಥಕ. ಎರಡರಲ್ಲಿಯೂ ನಾವು ನಡೆದ ಸಂಗತಿಯನ್ನು ವರದಿ ಮಾಡುತ್ತಿಲ್ಲ. ಒಂದರಲ್ಲಿ ಹಾರೈಸುತ್ತಿದ್ದೇವೆ, ಇನ್ನೊಂದರಲ್ಲಿ ಊಹಿಸುತ್ತಿದ್ದೇವೆ. ಇಟಾಲಿಯನ್ ಈ ಎರಡು ಕೆಲಸಗಳನ್ನೂ ಒಂದೇ ರೂಪಕ್ಕೆ ಒಪ್ಪಿಸಿದೆ, ಅದೇ ಕೊಂಜುಂತೀವೊ. ನಡೆದದ್ದನ್ನು ನಡೆದಂತೆ ಹೇಳುವ ಸಾಮಾನ್ಯ ರೂಪಕ್ಕೆ ಇಂದಿಕಾತೀವೊ ಎಂದು ಹೆಸರು. ಮುಂದೆ ಇದನ್ನು ನಿಶ್ಚಯರೂಪ ಎಂದು ಕರೆಯುತ್ತೇನೆ. ಕೊಂಜೂಂಜೆರೆ ಎಂದರೆ ಜೋಡಿಸು. ಒಂದು ವಾಕ್ಯಕ್ಕೆ ಇನ್ನೊಂದನ್ನು ಜೋಡಿಸುವಾಗ ಹೆಚ್ಚಾಗಿ ಬರುವುದರಿಂದ ಕೊಂಜುಂತೀವೊ ಎಂಬ ಹೆಸರು ಬಂದಿದೆ.

ಈ ಹಂತದಲ್ಲಿ ಮಾಡಬೇಕಾದ ಕೆಲಸ ಇಷ್ಟೇ: ಎರಡು ದಿನ ನಿಮ್ಮ ಸುತ್ತಮುತ್ತ ಕೇಳಿಬರುವ 'ಅಲಿ'ಗಳನ್ನು ನೋಟ್‌ಬುಕ್ಕಿನ ಎಡಬದಿಯಲ್ಲಿ ಬರೆದುಕೊಳ್ಳಿ. ಇರಲಿ, ಹೋಗಲಿ ಬಿಡು, ಏನೇ ಆಗಲಿ, ಬೇಗ ಗುಣವಾಗಲಿ, ಅವನೇ ಬರಲಿ. ಬಲಬದಿಯನ್ನು ಖಾಲಿ ಬಿಡಿ. ಮುಂದಿನ ಮೂರು ಹಂತಗಳಲ್ಲಿ ಅದು ತುಂಬುತ್ತದೆ.

ಹಂತ 2: ಬಾರ್‌ನ ಕಟ್ಟೆಯ ಮುಂದೆ ಆಡುವ ಮಾತುಗಳು

ಇಟಲಿಯಲ್ಲಿ ಬಾರ್ ಎಂದರೆ ಮುಖ್ಯವಾಗಿ ಬೆಳಗಿನ ಕಾಫಿಯ ಜಾಗ. ನಮ್ಮ ದರ್ಶಿನಿಗಳಲ್ಲಿರುವಂತೆ ಅಲ್ಲಿಯೂ ಹೆಚ್ಚಿನವರು ಕಟ್ಟೆಯ ಬಳಿ ನಿಂತೇ ಕುಡಿದು ಹೊರಡುತ್ತಾರೆ. ನೀವು ಕಟ್ಟೆಯ ಮುಂದೆ ಹೋಗಿ ನಿಂತರೆ ಆಚೆಗಿರುವವರು ನಿಮ್ಮತ್ತ ನೋಡಿ "ಮಿ ದೀಕಾ" ಎನ್ನುತ್ತಾರೆ, ಎಂದರೆ "ಹೇಳಿ". ಆ 'ದೀಕಾ' ಎಂಬುದು ದೀರೆ (ಹೇಳು) ಎಂಬ ಕ್ರಿಯಾಪದದ ಕೊಂಜುಂತೀವೊ. ಎಂದರೆ, ಪುಸ್ತಕದ ಕೊನೆಯಲ್ಲಿರುವ ಕಠಿಣ ಅಧ್ಯಾಯ ಎಂದು ನೀವು ಮುಂದೂಡುತ್ತಿದ್ದ ರೂಪವನ್ನು ಅಲ್ಲಿ ಕಾಲಿಟ್ಟ ಮೊದಲ ಬೆಳಿಗ್ಗೆಯೇ ಕೇಳಿಸಿಕೊಂಡಿರುತ್ತೀರಿ.

ಅಪರಿಚಿತರನ್ನು, ಹಿರಿಯರನ್ನು, ಕಚೇರಿಯವರನ್ನು ಇಟಾಲಿಯನ್‌ನಲ್ಲಿ 'ಲೇಯಿ' ಎಂದು ಸಂಬೋಧಿಸಬೇಕು, ಸಲುಗೆಯವರನ್ನು 'ತು' ಎಂದು. ಲೇಯಿ ಎಂದರೆ ಮೂಲದಲ್ಲಿ 'ಆಕೆ'. 'ತಮ್ಮ ಪ್ರಭುತ್ವ' ಎಂಬಂಥ ಗೌರವದ ಪದವಾದ 'ವೋಸ್ತ್ರಾ ಸಿಞೊರೀಯಾ' ಸ್ತ್ರೀಲಿಂಗದ್ದಾದ್ದರಿಂದ ಎದುರಿಗಿರುವವರನ್ನು ಪ್ರಥಮ ಪುರುಷದಲ್ಲಿ, ಸ್ತ್ರೀಲಿಂಗದಲ್ಲಿ ಕರೆಯುವ ರೂಢಿ 16ನೆಯ ಶತಮಾನದಲ್ಲಿ ಬೇರೂರಿತು. 1938ರಲ್ಲಿ ಮುಸೊಲಿನಿಯ ಸರ್ಕಾರ ಲೇಯಿಯನ್ನು ಕೈಬಿಟ್ಟು 'ವೋಯಿ' (ನೀವು) ಬಳಸಬೇಕೆಂದು ಆಜ್ಞೆ ಮಾಡಿತು. ಆ ಆಡಳಿತ ಹೋಯಿತು, ಲೇಯಿ ಉಳಿಯಿತು. ಎದುರಿಗಿರುವವರಿಗೆ ನೇರವಾಗಿ "ಮಾಡು" ಎನ್ನದೆ "ತಾವು ಮಾಡುವಂತಾಗಲಿ" ಎಂದು ಸುತ್ತಿ ಹೇಳುವುದರಿಂದಲೇ ಇಲ್ಲಿ ಆಜ್ಞೆಯ ಜಾಗಕ್ಕೆ ಕೊಂಜುಂತೀವೊ ಬಂದಿದೆ.

ಈ ಮಾತುಗಳನ್ನು ಹಾಗೆಯೇ ಕಲಿಯಿರಿ:

ಸ್ಕೂಸಿ: ಕ್ಷಮಿಸಿ, ಯಾರನ್ನಾದರೂ ಮಾತಿಗೆ ಕರೆಯುವಾಗಲೂ ಇದೇ.
ಸೆಂತಾ: ಇಲ್ಲಿ ಕೇಳಿ.
ಗ್ವಾರ್ದಿ: ನೋಡಿ, ವಿವರಣೆ ಆರಂಭಿಸುವ ಮೊದಲು ಬರುವ ಮಾತು.
ಸಿ ಅಕ್ಕೋಮೊದಿ: ಬನ್ನಿ, ಕುಳಿತುಕೊಳ್ಳಿ.
ನೊನ್ ಸಿ ಪ್ರೆಓಕ್ಕುಪಿ: ಚಿಂತಿಸಬೇಡಿ.
ಫಚ್ಚಾ ಕೊನ್ ಕೋಮೊದೊ: ನಿಧಾನವಾಗಿ ಮಾಡಿ, ಅವಸರವಿಲ್ಲ.
ಅಬ್ಬ್ಯಾ ಪಾತ್ಸಿಯೆಂತ್ಸಾ: ಸ್ವಲ್ಪ ತಾಳ್ಮೆ ಇರಲಿ.

ಎಚ್ಚರಿಕೆ: ಇಲ್ಲಿ ಸ್ವರಗಳು ಅದಲುಬದಲಾಗುತ್ತವೆ. 'ಆರೆ' ಎಂದು ಮುಗಿಯುವ ಕ್ರಿಯಾಪದಗಳಲ್ಲಿ ಸಲುಗೆಯ ರೂಪಕ್ಕೆ 'ಆ', ಗೌರವದ ರೂಪಕ್ಕೆ 'ಇ' ಬರುತ್ತದೆ: ಸ್ಕೂಸಾ, ಸ್ಕೂಸಿ. ಉಳಿದವುಗಳಲ್ಲಿ ಅದು ತಿರುಗುತ್ತದೆ: ಸೆಂತಿ ಎಂಬುದು ಸಲುಗೆ, ಸೆಂತಾ ಎಂಬುದು ಗೌರವ. 'ಇ' ಕೇಳಿದಲ್ಲೆಲ್ಲ ಗೌರವ ಎಂದು ತಿಳಿದವರು ಅಜ್ಜಿಯೊಬ್ಬರಿಗೆ "ಸೆಂತಿ" ಎಂದುಬಿಡುತ್ತಾರೆ. ಅದು ಹಿರಿಯರನ್ನು "ಏ, ಕೇಳು" ಎಂದಂತೆ.

ಈ ರೂಪ ಎಷ್ಟು ಗಟ್ಟಿಯಾಗಿ ಬೇರೂರಿದೆ ಎಂಬುದಕ್ಕೆ ಇಟಲಿ ಮರೆಯದ ಒಂದು ನಿದರ್ಶನವಿದೆ. 2012ರ ಜನವರಿ 13ರ ರಾತ್ರಿ ಜೀಲ್ಯೊ ದ್ವೀಪದ ಬಳಿ ಕೋಸ್ತಾ ಕೊಂಕೋರ್ದಿಯಾ ಎಂಬ ಪ್ರವಾಸಿ ಹಡಗು ಬಂಡೆಗೆ ಬಡಿದು ಮಗುಚಿ 32 ಮಂದಿ ಸತ್ತರು. ಪ್ರಯಾಣಿಕರು ಇನ್ನೂ ಹಡಗಿನಲ್ಲಿರುವಾಗಲೇ ಕಪ್ತಾನ ಹೊರಗೆ ಬಂದಿದ್ದನ್ನು ತಿಳಿದ ಕರಾವಳಿ ರಕ್ಷಣಾ ಅಧಿಕಾರಿ ಗ್ರೆಗೋರಿಯೊ ದೆ ಫಾಲ್ಕೊ ದೂರವಾಣಿಯಲ್ಲಿ ಅವನನ್ನು ಗದರಿಸಿದರು. "ವಾದಾ ಅ ಬೋರ್ದೊ", ಹಡಗಿಗೆ ಹೋಗಿ ಎಂಬ ಆ ಆಜ್ಞೆಯನ್ನು ದೇಶವೇ ಕೇಳಿಸಿಕೊಂಡಿತು. ಸಿಟ್ಟು ಬೈಗುಳಕ್ಕೆ ಮುಟ್ಟಿದ್ದರೂ ಕ್ರಿಯಾಪದ ಲೇಯಿಯ ಗೌರವರೂಪದಲ್ಲಿಯೇ ಇತ್ತು. ಅಂದಾರೆ (ಹೋಗು) ಎಂಬುದರ ಕೊಂಜುಂತೀವೊ 'ವಾದಾ' ಎಂಬುದನ್ನು ಅಲ್ಲಿನ ಮಕ್ಕಳೂ ಆ ಮಾತಿನಿಂದ ಬಲ್ಲರು.

ಹಂತ 3: ಹಾರೈಕೆ, ಜಯಕಾರ, ಪ್ರಾರ್ಥನೆ

ಪರೀಕ್ಷೆಗೆ, ಸಂದರ್ಶನಕ್ಕೆ, ರಂಗಪ್ರದರ್ಶನಕ್ಕೆ ಹೊರಟವರಿಗೆ ಇಟಲಿಯವರು ಹೇಳುವುದು "ಇನ್ ಬೊಕ್ಕಾ ಅಲ್ ಲೂಪೊ", ತೋಳದ ಬಾಯಿಗೆ! ಬೇಟೆಗಾರರ ಮಾತಿನಿಂದ ಇದು ಬಂತೆನ್ನುತ್ತಾರೆ. ಇದಕ್ಕೆ ಸಾಂಪ್ರದಾಯಿಕ ಉತ್ತರ "ಕ್ರೇಪಿ!", ಎಂದರೆ "ಸಾಯಲಿ", ತೋಳ ಸಾಯಲಿ. ಕ್ರೆಪಾರೆ ಎಂಬ ಕ್ರಿಯಾಪದದ ಕೊಂಜುಂತೀವೊ ಅದು, ನಮ್ಮ 'ಅಲಿ'ಗೆ ಸರಿಸಮನಾಗಿ ಕೂರುತ್ತದೆ. ಇದಕ್ಕೆ ಧನ್ಯವಾದ ಹೇಳಿದರೆ ಹಾರೈಕೆ ಫಲಿಸದು ಎಂಬ ನಂಬಿಕೆ ಹಳಬರಲ್ಲಿ ಇನ್ನೂ ಇದೆ. ಆದ್ದರಿಂದ ಗ್ರಾತ್ಸಿಯೆ ಎನ್ನುವ ಅಭ್ಯಾಸವನ್ನು ಇಲ್ಲಿ ತಡೆದುಕೊಳ್ಳಿ. ತೋಳಗಳ ಬೇಟೆಯನ್ನು ಇಟಲಿ 1971ರಲ್ಲಿ ನಿಷೇಧಿಸಿತು. ಇತ್ತೀಚೆಗೆ ಅನೇಕರು, ವಿಶೇಷವಾಗಿ ಪ್ರಾಣಿಪ್ರಿಯರು, "ವೀವಾ ಇಲ್ ಲೂಪೊ", ತೋಳ ಬಾಳಲಿ, ಎಂದು ಉತ್ತರಿಸುತ್ತಾರೆ. ಯಾವುದನ್ನು ಆರಿಸಿಕೊಂಡರೂ ನೀವು ಆಡುವುದು ಕೊಂಜುಂತೀವೊವನ್ನೇ.

'ವೀವಾ' ಎಂಬುದು ವೀವೆರೆ (ಬಾಳು) ಎಂಬುದರ ಕೊಂಜುಂತೀವೊ. "ವೀವಾ ಲಿತಾಲಿಯಾ" ಎಂದರೆ ಇಟಲಿ ಬಾಳಲಿ. ಮದುವೆಯ ಊಟದ ನಡುವೆ ಯಾರಾದರೊಬ್ಬರು ಎದ್ದು "ವೀವಾ ಲ್ಯಿ ಸ್ಪೋಸಿ" ಎಂದು ಕೂಗಿದರೆ ಎಲ್ಲರೂ ದನಿಗೂಡಿಸುತ್ತಾರೆ. ವಧೂವರರು ಇಬ್ಬರಿದ್ದಾರೆ, ವ್ಯಾಕರಣದಂತೆ ಬಹುವಚನದ 'ವೀವಾನೊ' ಬರಬೇಕಿತ್ತು, ಆದರೂ ರೂಢಿಯಲ್ಲಿ ಏಕವಚನವೇ ನಿಂತುಬಿಟ್ಟಿದೆ. ಹೀಗೆ ಕಲ್ಲಾಗಿ ಉಳಿದ ರೂಪ ನಮಗೆ ಹೊಸದಲ್ಲ. "ಸಿರಿಗನ್ನಡಂ ಗೆಲ್ಗೆ" ಎಂಬಲ್ಲಿನ 'ಗೆಲ್ಗೆ' ಹಳಗನ್ನಡದ ವಿಧ್ಯರ್ಥಕ, ಅದನ್ನು ನಾವು ವ್ಯಾಕರಣ ನೆನೆಯದೆಯೇ ಕೂಗುತ್ತೇವೆ. ಇಟಲಿಯ ಗೋಡೆಬರಹಗಳಲ್ಲಿ ರೋಮನ್ ಲಿಪಿಯ ಡಬ್ಲ್ಯೂ ಅಕ್ಷರ ಒಂದೇ ಇದ್ದರೆ ಅದನ್ನು ವೀವಾ ಎಂದು ಓದಬೇಕು, ಅದೇ ಅಕ್ಷರ ತಲೆಕೆಳಗಾಗಿದ್ದರೆ 'ಅಬ್ಬಾಸ್ಸೊ', ಧಿಕ್ಕಾರ. ಆಸ್ಟ್ರಿಯದ ಆಳ್ವಿಕೆಯ ವಿರುದ್ಧ ಹೋರಾಟ ನಡೆದಿದ್ದ 1859ರ ಹೊತ್ತಿಗೆ "ವೀವಾ ವೆರ್ದಿ" ಎಂಬ ಕೂಗು ಹರಡಿತ್ತು. ಹೊರಗೆ ಅದು ಸಂಗೀತಕಾರ ಜುಸೆಪ್ಪೆ ವೆರ್ದಿಗೆ ಜಯಕಾರ. ಒಳಗೆ, ಆ ಹೆಸರಿನ ರೋಮನ್ ಲಿಪಿಯ ಐದು ಅಕ್ಷರಗಳು 'ವಿತ್ತೋರಿಯೊ ಎಮನುವೇಲೆ ರೆ ದಿತಾಲಿಯಾ', ಇಟಲಿಯ ದೊರೆ ವಿತ್ತೋರಿಯೊ ಎಮನುವೇಲೆ, ಎಂಬುದರ ಮೊದಲಕ್ಷರಗಳು.

ರಾಷ್ಟ್ರಗೀತೆಯಲ್ಲಿಯೂ ಈ ರೂಪವಿದೆ. ಗೊಫ್ರೇದೊ ಮಮೇಲಿ 1847ರಲ್ಲಿ ಬರೆದ, 1946ರಿಂದ ತಾತ್ಕಾಲಿಕವಾಗಿ ಬಳಕೆಯಲ್ಲಿದ್ದು 2017ರಲ್ಲಷ್ಟೇ ಕಾನೂನಿನ ಮುದ್ರೆ ಪಡೆದ ಆ ಗೀತೆಯ ಮೊದಲ ಚರಣದಲ್ಲಿ 'ಪೋರ್ಗಾ' ಎಂಬ ಪದ ಬರುತ್ತದೆ. ಪೋರ್ಜೆರೆ ಎಂದರೆ ಚಾಚು, ಒಡ್ಡು. ರೋಮ್‌ನ ದಾಸಿಯಾದ ವಿಜಯದೇವತೆ ತನ್ನ ಮುಡಿಯನ್ನು ಇಟಲಿಗೆ ಒಡ್ಡಲಿ ಎಂಬುದು ಅಲ್ಲಿನ ಭಾವ, ಏಕೆಂದರೆ ಪ್ರಾಚೀನ ರೋಮ್‌ನಲ್ಲಿ ದಾಸಿಯರ ಕೂದಲು ಕತ್ತರಿಸುತ್ತಿದ್ದರು. ಫುಟ್‌ಬಾಲ್ ಪಂದ್ಯಕ್ಕೆ ಮೊದಲು ಆಟಗಾರರು ಹಾಡುವಾಗ ಈ ಒಂದು ಪದಕ್ಕೆ ಕಿವಿಗೊಡಿ.

ಚರ್ಚಿನ ಪ್ರಾರ್ಥನೆಯೂ ಕೊಂಜುಂತೀವೊದ ದೊಡ್ಡ ಪಾಠಶಾಲೆ. 'ಪಾದ್ರೆ ನೋಸ್ತ್ರೊ' ಎಂದು ಆರಂಭವಾಗುವ ಪ್ರಾರ್ಥನೆಯಲ್ಲಿ ಸೀಯಾ ಸಂತಿಫಿಕಾತೊ (ಪೂಜಿತವಾಗಲಿ), ವೆಂಗಾ (ಬರಲಿ), ಸೀಯಾ ಫತ್ತಾ (ನೆರವೇರಲಿ) ಎಂದು ಮೂರು ಸಾಲಾಗಿ ಬರುತ್ತವೆ. ದೇವರ ಹೆಸರಿನ ದಿನಬಳಕೆಯ ಮಾತುಗಳೂ ಹಲವು: "ಕೆ ದೀಯೊ ತಿ ಬೆನೆದೀಕಾ", ದೇವರು ನಿನ್ನನ್ನು ಹರಸಲಿ; "ದೀಯೊ ಚೆ ನೆ ಸ್ಕಾಂಪಿ", ದೇವರೇ ಇದರಿಂದ ಪಾರುಮಾಡಲಿ. ದಕ್ಷಿಣ ಇಟಲಿಯ ಸಣ್ಣ ಊರುಗಳಲ್ಲಿ ಯಾರಾದರೂ ತೀರಿಕೊಂಡರೆ ಹೆಸರು ಅಚ್ಚಾದ ದೊಡ್ಡ ಕಾಗದವನ್ನು ಬೀದಿಯ ಗೋಡೆಗೆ ಅಂಟಿಸುತ್ತಾರೆ. ಆಗ ಜನ ಹೇಳುವ "ರಿಪೋಸಿ ಇನ್ ಪಾಚೆ", ಶಾಂತಿಯಿಂದ ವಿರಮಿಸಲಿ, ಎಂಬುದರಲ್ಲಿಯೂ ಇದೇ ರೂಪ. ಹುಟ್ಟು, ಮದುವೆ, ಸಾವುಗಳ ಮಾತಿನಲ್ಲಿ ನೆಲೆನಿಂತಿರುವುದನ್ನು ಬರಿಯ ವ್ಯಾಕರಣದ ತೊಡಕು ಎಂದು ಕಲಿಸುವುದು ನನಗೆ ಸರಿ ಕಾಣುವುದಿಲ್ಲ.

ಹಂತ 4: 'ಏನೇ ಆಗಲಿ' ಎಂಬ ಜಾತಿಯ ಮಾತುಗಳು

ಇಲ್ಲಿ ಕನ್ನಡವೂ ಇಟಾಲಿಯನ್ನೂ ಕೈಹಿಡಿದು ನಡೆಯುತ್ತವೆ. ನೋಟ್‌ಬುಕ್ಕಿನ ಎಡಬದಿಯ ಪಟ್ಟಿಯ ಎದುರಿಗೆ ಇವನ್ನು ಬರೆಯಿರಿ:

ಏನೇ ಆಗಲಿ: ಸುಚ್ಚೇದಾ ಕ್ವೆಲ್ ಕೆ ಸುಚ್ಚೇದಾ.
ಎಷ್ಟೇ ಖರ್ಚಾಗಲಿ: ಕೋಸ್ತಿ ಕ್ವೆಲ್ ಕೆ ಕೋಸ್ತಿ.
ಹೇಗೇ ಇರಲಿ: ಸೀಯಾ ಕೋಮೆ ಸೀಯಾ.
ಯಾರೇ ಬರಲಿ: ಕ್ಯೂಂಕ್ವೆ ವೆಂಗಾ.
ನಿನಗೆ ಹಿಡಿಸಲಿ ಬಿಡಲಿ: ಕೆ ತಿ ಪ್ಯಾಚ್ಚಾ ಒ ನೊ.

ಇವುಗಳ ಜೊತೆಗೆ "ಕೆ ಇಯೊ ಸಪ್ಪ್ಯಾ" ಎಂಬುದನ್ನೂ ಸೇರಿಸಿಕೊಳ್ಳಿ, ನನಗೆ ತಿಳಿದ ಮಟ್ಟಿಗೆ ಎಂದು ಅರ್ಥ. ಬಿಡಿಸಿ ನೋಡಲು ಹೋಗಬೇಡಿ, ಇಡಿಯಾಗಿ ಕಲಿಯಿರಿ. ಉತ್ತರ ಖಚಿತವಿಲ್ಲದ ಪ್ರಶ್ನೆ ಬಂದಾಗಲೆಲ್ಲ "ನೊ, ಕೆ ಇಯೊ ಸಪ್ಪ್ಯಾ" ಎಂದರೆ "ಇಲ್ಲ, ನನಗೆ ತಿಳಿದಂತೆ" ಎಂದಾಗುತ್ತದೆ.

ಹಂತ 5: ಈಗ ಕೋಷ್ಟಕ

ಇಷ್ಟು ಹೊತ್ತಿಗೆ ಸೀಯಾ, ವಾದಾ, ವೆಂಗಾ, ಫಚ್ಚಾ, ದೀಕಾ, ಅಬ್ಬ್ಯಾ, ಸಪ್ಪ್ಯಾ ಎಲ್ಲವೂ ಕಿವಿಗೆ ಪರಿಚಿತವಾಗಿರುತ್ತವೆ. ಕೋಷ್ಟಕದಲ್ಲಿ ನೀವು ನೋಡಬೇಕಾದುದು ಎರಡೇ ಸಂಗತಿ.

ಮೊದಲನೆಯದು, ಏಕವಚನದ ಮೂರೂ ಪುರುಷಗಳಿಗೆ ರೂಪ ಒಂದೇ. ನಾನು, ನೀನು, ಅವನು ಅಥವಾ ಅವಳು, ಎಲ್ಲಕ್ಕೂ ಸೀಯಾ; ನಾವು ಎಂಬುದಕ್ಕೆ ಸ್ಯಾಮೊ, ನೀವೆಲ್ಲರೂ ಎಂಬುದಕ್ಕೆ ಸ್ಯಾತೆ, ಅವರು ಎಂಬುದಕ್ಕೆ ಸೀಯಾನೊ. ಹಾಗೆಯೇ ವೆಂಗಾ, ವೆನ್ಯಾಮೊ, ವೆನ್ಯಾತೆ, ವೆಂಗಾನೊ. 'ಆರೆ' ಗುಂಪಿನಲ್ಲಿ ಏಕವಚನಕ್ಕೆ 'ಇ', ಉಳಿದೆರಡು ಗುಂಪುಗಳಲ್ಲಿ 'ಆ': ಪಾರ್ಲಿ (ಮಾತಾಡಲಿ), ಸ್ಕ್ರೀವಾ (ಬರೆಯಲಿ), ದೋರ್ಮಾ (ಮಲಗಲಿ). ರೂಪ ಒಂದೇ ಆಗಿರುವುದರಿಂದ ಸಾಮಾನ್ಯವಾಗಿ ಬಿಟ್ಟುಬಿಡುವ ಸರ್ವನಾಮವನ್ನು ಇಲ್ಲಿ ಹೇಳಬೇಕಾಗುತ್ತದೆ, ಮುಖ್ಯವಾಗಿ 'ತು' ಎಂಬುದನ್ನು.

ಎರಡನೆಯದು, ಅನಿಯಮಿತ ಎಂದು ಹೆದರಿಸುವ ರೂಪಗಳಲ್ಲಿ ಹೆಚ್ಚಿನವು 'ನಾನು' ಎಂಬುದರ ವರ್ತಮಾನ ರೂಪದಿಂದಲೇ ಹುಟ್ಟುತ್ತವೆ. ವೆಂಗೊದಿಂದ ವೆಂಗಾ, ದೀಕೊದಿಂದ ದೀಕಾ, ಫಚ್ಚೊದಿಂದ ಫಚ್ಚಾ, ಪೊಸ್ಸೊದಿಂದ ಪೊಸ್ಸಾ, ವಾದೊದಿಂದ ವಾದಾ. ಕೊನೆಯ 'ಒ' ತೆಗೆದು 'ಆ' ಇಟ್ಟರಾಯಿತು. ಈ ದಾರಿಗೆ ಬಗ್ಗದವು ಐದು, ಅವನ್ನು ಬಾಯಿಪಾಠ ಮಾಡಲೇಬೇಕು: ಸೀಯಾ (ಇರು), ಅಬ್ಬ್ಯಾ (ಹೊಂದಿರು), ಸ್ತೀಯಾ (ನೆಲೆಸು), ದೀಯಾ (ಕೊಡು), ಸಪ್ಪ್ಯಾ (ತಿಳಿ).

ಎಚ್ಚರಿಕೆ: 'ಆರೆ' ಗುಂಪಿನ 'ಇ'ಯನ್ನು ವಾದಾ, ಫಚ್ಚಾಗಳಿಗೂ ಎಳೆದು 'ವಾದಿ', 'ಫಚ್ಚಿ' ಎನ್ನುವುದು ಇಟಲಿಯಲ್ಲಿ ಎಲ್ಲರೂ ಬಲ್ಲ ತಪ್ಪು. ನಟ ಪಾವೊಲೊ ವಿಲ್ಲಾಜ್ಜೊ ಸೃಷ್ಟಿಸಿ, 1975ರಿಂದ ಚಲನಚಿತ್ರಗಳಲ್ಲಿ ಅಭಿನಯಿಸಿದ ಫಂತೊತ್ಸಿ ಎಂಬ ಬಡಪಾಯಿ ಗುಮಾಸ್ತನ ಪಾತ್ರ ಮೇಲಧಿಕಾರಿಗಳ ಮುಂದೆ ಗೌರವರೂಪ ಬಳಸಲು ಹೋಗಿ ಹೀಗೆಯೇ ಎಡವುತ್ತದೆ. ಆದ್ದರಿಂದ ಈ ಎರಡು ರೂಪಗಳು ಕಿವಿಗೆ ಬಿದ್ದರೆ ಇಟಲಿಯವರಿಗೆ ಆ ಪಾತ್ರದ ನೆನಪಾಗುತ್ತದೆ.

ಹಂತ 6: 'ಕೆ' ಬಂದಾಗ

'ಕೆ' ಎಂಬುದು ನಮ್ಮ 'ಎಂದು'. ಕನ್ನಡದಲ್ಲಿ 'ಎಂದು' ಒಳವಾಕ್ಯದ ಕೊನೆಗೆ ಬರುತ್ತದೆ, ಇಟಾಲಿಯನ್‌ನಲ್ಲಿ 'ಕೆ' ಒಳವಾಕ್ಯದ ಮೊದಲಿಗೆ ಬರುತ್ತದೆ. "ನೀನು ಬರಲಿ ಎಂದು ಬಯಸುತ್ತೇನೆ" ಎಂಬುದು "ವೋಲ್ಯೊ ಕೆ ತು ವೆಂಗಾ" ಆಗುತ್ತದೆ. ವೋಲ್ಯೊ ಎಂದೊಡನೆ ಮುಂದಿನ ರೂಪ ಏನೆಂಬುದು ತೀರ್ಮಾನವಾಗಿರುತ್ತದೆ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ವೋಲ್ಯೊ ಎಂಬುದನ್ನು ಒಂಟಿಯಾಗಿ ಬರೆಯದೆ, ಬಾಲದ ಸಮೇತ ಬರೆದುಕೊಳ್ಳಿ:

ಸ್ಪೇರೊ ಕೆ ತು ಸ್ತೀಯಾ ಬೇನೆ: ನೀನು ಚೆನ್ನಾಗಿದ್ದೀಯೆ ಎಂದು ನಂಬಿದ್ದೇನೆ, ಕಾಗದದ ಮೊದಲ ಸಾಲಿಗೆ ಹೇಳಿ ಮಾಡಿಸಿದ ಮಾತು.
ಪೆನ್ಸೊ ಕೆ ಮಾರ್ಕೊ ಸೀಯಾ ಅ ಕಾಸಾ: ಮಾರ್ಕೊ ಮನೆಯಲ್ಲಿರಬಹುದು ಎಂದುಕೊಂಡಿದ್ದೇನೆ.
ಬಿಜೋಞಾ ಕೆ ತು ವಾದಾ: ನೀನು ಹೋಗಬೇಕು.
ಪ್ವೊ ದಾರ್ಸಿ ಕೆ ಪ್ಯೋವಾ: ಮಳೆ ಬಂದೀತು.
ಸೋನೊ ಕೊಂತೆಂತೊ ಕೆ ತು ಸೀಯಾ ಕ್ವಿ: ನೀನು ಇಲ್ಲಿರುವುದು ನನಗೆ ಸಂತೋಷ. ಹೇಳುವವರು ಹೆಂಗಸಾದರೆ ಕೊಂತೆಂತಾ.

ಕೊನೆಯ ವಾಕ್ಯದ ಬಳಿ ಸ್ವಲ್ಪ ನಿಲ್ಲಿ. ನೀನು ಇಲ್ಲಿರುವುದು ಕಣ್ಣೆದುರಿನ ಸತ್ಯ, ಅದರಲ್ಲಿ ಸಂಶಯವೇನೂ ಇಲ್ಲ. ಹಾಗಿದ್ದರೂ ಕೊಂಜುಂತೀವೊ ಬಂದಿದೆ. 'ಸಂಶಯಕ್ಕೆ ಕೊಂಜುಂತೀವೊ' ಎಂಬ ಸೂತ್ರವನ್ನೇ ನಂಬಿದವರು ಇಲ್ಲಿ ದಾರಿ ತಪ್ಪುತ್ತಾರೆ. ವಾಕ್ಯದ ತಲೆಯಲ್ಲಿ ಭಾವನೆ ಇದ್ದರೆ, ಬಾಲದಲ್ಲಿರುವುದು ಸತ್ಯವೇ ಆಗಿದ್ದರೂ ಈ ರೂಪ ಬರುತ್ತದೆ. ತಲೆ ಬಾಲಗಳನ್ನು ಜೊತೆಗೇ ಕಲಿಯಿರಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಕನ್ನಡವೂ ಎಲ್ಲ ಕಡೆ ನೆರವಿಗೆ ಬಾರದು. "ಅವನು ಮನೆಯಲ್ಲಿದ್ದಾನೆ ಎಂದುಕೊಂಡೆ" ಎಂದು ನಾವು ನಿಶ್ಚಯರೂಪದಲ್ಲಿಯೇ ಹೇಳುತ್ತೇವೆ, ಇಟಾಲಿಯನ್‌ನ ಶಿಷ್ಟ ಬರವಣಿಗೆ ಅದನ್ನು ಒಪ್ಪದು. ಅಭಿಪ್ರಾಯ ಹೇಳುವ ಪೆನ್ಸೊ (ಎಂದುಕೊಳ್ಳುತ್ತೇನೆ), ಕ್ರೇದೊ (ನಂಬುತ್ತೇನೆ), ಮಿ ಸೆಂಬ್ರಾ (ನನಗೆ ತೋರುತ್ತದೆ) ಎಂಬ ಮೂರನ್ನು ಬೇರೆಯೇ ಪುಟದಲ್ಲಿ ಬರೆದು ಹೆಚ್ಚಾಗಿ ಅಭ್ಯಾಸ ಮಾಡಿ.

ಹಂತ 7: ಮಗಾರಿ ಮತ್ತು 'ಸೆ'

ಕೊಂಜುಂತೀವೊದ ಇನ್ನೊಂದು ಕಾಲಕ್ಕೆ ಇಂಪೆರ್ಫೆತ್ತೊ ಎಂದು ಹೆಸರು, ಒತ್ತಿದ 'ಸ್ಸ' ಅದರ ಗುರುತು. ಫೊಸ್ಸಿ, ಫೊಸ್ಸಿ, ಫೊಸ್ಸೆ, ಫೊಸ್ಸಿಮೊ, ಫೋಸ್ತೆ, ಫೊಸ್ಸೆರೊ. ಇದನ್ನು ಕಲಿಯಲು 'ಮಗಾರಿ'ಗಿಂತ ಒಳ್ಳೆಯ ಬಾಗಿಲಿಲ್ಲ. 'ಧನ್ಯ' ಎಂಬರ್ಥದ ಗ್ರೀಕ್ ಪದದಿಂದ ಬಂದ ಈ ಮಾತನ್ನು ಇಟಲಿಯವರು ದಿನಕ್ಕೆ ಹತ್ತು ಬಾರಿ ಆಡುತ್ತಾರೆ. ಲಾಟರಿ ಬಂತೇ ಎಂದು ಕೇಳಿದರೆ "ಮಗಾರಿ!", ಅಷ್ಟು ಪುಣ್ಯವಿದ್ದಿದ್ದರೆ! "ಮಗಾರಿ ಫೊಸ್ಸೆ ವೇರೊ", ಅದು ನಿಜವಾಗಿದ್ದರೆ ಎಷ್ಟು ಚೆನ್ನ. "ಮಗಾರಿ ಪ್ಯೊವೆಸ್ಸೆ", ಮಳೆಯಾದರೂ ಬರಬಾರದೇ. ಆದರೆ "ಮಗಾರಿ ದೊಮಾನಿ" ಎಂದರೆ ಬರಿದೇ 'ಬಹುಶಃ ನಾಳೆ'. 'ಸ್ಸ' ಇದ್ದರೆ ಹಂಬಲ, ಇಲ್ಲದಿದ್ದರೆ ಬಹುಶಃ ಎಂದು ಸದ್ಯಕ್ಕೆ ನೆನಪಿಡಿ.

'ಸೆ' ಎಂದರೆ 'ಅರೆ', ಇದ್ದರೆ, ಬಂದರೆ ಎಂಬಲ್ಲಿನ 'ಅರೆ'. "ಬಿಡುವಿದ್ದಿದ್ದರೆ ಬರುತ್ತಿದ್ದೆ" ಎಂಬ ವಾಕ್ಯದ ಎರಡು ಭಾಗಗಳಲ್ಲಿ ನಾವು ಎರಡು ಬೇರೆ ರೂಪ ಬಳಸುತ್ತೇವಲ್ಲ, ಇಟಾಲಿಯನ್ನೂ ಹಾಗೆಯೇ: "ಸೆ ಅವೆಸ್ಸಿ ತೆಂಪೊ, ವೆರ್ರೆಯಿ". ಕನ್ನಡದಲ್ಲಿ 'ಅರೆ' ಇರುವ ಕಡೆ ಇಟಾಲಿಯನ್‌ನಲ್ಲಿ 'ಸ್ಸಿ', ಇನ್ನೊಂದು ಕಡೆ 'ರೆಯಿ'. ಆ ರೆಯಿ ರೂಪಕ್ಕೆ ಕೊಂದಿತ್ಸಿಯೊನಾಲೆ ಎಂದು ಹೆಸರು, ಹಾಗಾಗಿದ್ದರೆ ಹೀಗಾಗುತ್ತಿತ್ತು ಎಂದು ಹೇಳುವ ರೂಪ ಅದು. ಎರಡೂ ಕಡೆ ರೆಯಿ ಹಾಕಿ "ಸೆ ಅವ್ರೆಯಿ" ಎನ್ನುವುದು ಇಟಲಿಯ ಶಾಲೆಗಳಲ್ಲಿ ಕೆಂಪು ಶಾಯಿ ಬೀಳುವ ತಪ್ಪು. "ಸೆ ಫೊಸ್ಸಿ ಇನ್ ತೆ" (ನಿನ್ನ ಜಾಗದಲ್ಲಿ ನಾನಿದ್ದಿದ್ದರೆ), "ಕೋಮೆ ಸೆ ನ್ಯೆಂತೆ ಫೊಸ್ಸೆ" (ಏನೂ ಆಗಿಲ್ಲವೆಂಬಂತೆ) ಎಂಬ ಎರಡನ್ನು ಇಡಿಯಾಗಿ ಕಲಿತರೆ ಉಳಿದವು ಅದೇ ಅಚ್ಚಿನಲ್ಲಿ ಬರುತ್ತವೆ.

ಎಡವುವ ಜಾಗಗಳು

ಕರ್ತೃ ಒಬ್ಬನೇ ಆಗಿದ್ದರೆ ಕೊಂಜುಂತೀವೊ ಬೇಡ. ನಾನೇ ಹೋಗಬಯಸಿದರೆ "ವೋಲ್ಯೊ ಅಂದಾರೆ", ಕ್ರಿಯಾಪದದ ಮೂಲರೂಪ ಸಾಕು. ನೀನು ಹೋಗಲೆಂದು ನಾನು ಬಯಸಿದರೆ ಮಾತ್ರ "ವೋಲ್ಯೊ ಕೆ ತು ವಾದಾ". ಕನ್ನಡದಲ್ಲಿಯೂ "ನಾನು ಹೋಗಲಿ ಎಂದು ನಾನು ಬಯಸುತ್ತೇನೆ" ಎನ್ನುವುದಿಲ್ಲವಲ್ಲ.

ಅರ್ಥ ಒಂದೇ ಆದರೂ ರೂಪ ಬೇರೆಯಾಗುವ ಜೋಡಿಗಳಿವೆ. 'ಬೆಂಕೆ' ಮತ್ತು 'ಆಂಕೆ ಸೆ' ಎರಡಕ್ಕೂ 'ಆದರೂ' ಎಂಬ ಅರ್ಥವಿದೆ. ಮೊದಲನೆಯದು ಕೊಂಜುಂತೀವೊ ಬೇಡುತ್ತದೆ, ಎರಡನೆಯದು ಸಾಮಾನ್ಯವಾಗಿ ನಿಶ್ಚಯರೂಪ. 'ಪ್ರೀಮಾ ಕೆ' (ಮೊದಲು) ಎಂಬುದಕ್ಕೆ ಕೊಂಜುಂತೀವೊ, 'ದೋಪೊ ಕೆ' (ನಂತರ) ಎಂಬುದಕ್ಕೆ ನಿಶ್ಚಯರೂಪ. 'ಪೆನ್ಸೊ ಕೆ' ಎಂಬುದಕ್ಕೆ ಕೊಂಜುಂತೀವೊ ಬಂದರೂ, ಅದೇ ಅರ್ಥದ 'ಸೆಕೊಂದೊ ಮೆ' (ನನ್ನ ಪ್ರಕಾರ) ಎಂಬುದಕ್ಕೆ ನಿಶ್ಚಯರೂಪವೇ. ಗಾಬರಿಯಾದಾಗ ಸೆಕೊಂದೊ ಮೆ ಎಂದು ಆರಂಭಿಸಿದರೆ ವಾಕ್ಯ ಸರಳವಾಗಿ ಮುಗಿಯುತ್ತದೆ.

ಮುಖ್ಯ ಕ್ರಿಯಾಪದ ಭೂತಕಾಲಕ್ಕೆ ಹೋದರೆ ಬಾಲವೂ ಹೋಗಬೇಕು. ಪೆನ್ಸೊ ಕೆ ಸೀಯಾ, ಆದರೆ ಪೆನ್ಸಾವೊ ಕೆ ಫೊಸ್ಸೆ. ಕನ್ನಡದಲ್ಲಿ ಈ ಕಟ್ಟುಪಾಡು ಇಲ್ಲವಾದ್ದರಿಂದ ನಾವು ಇದನ್ನು ಮರೆಯುವುದು ಹೆಚ್ಚು. 'ವೊರ್ರೆಯಿ' (ಬಯಸುತ್ತಿದ್ದೆ) ಎಂಬುದರ ಹಿಂದೆಯೂ 'ಸ್ಸ' ಬರುತ್ತದೆ: ವೊರ್ರೆಯಿ ಕೆ ತು ವೆನಿಸ್ಸಿ.

ಕೊನೆಯದು ಭಯ. ಇಟಲಿಯವರು ಮಾತಿನಲ್ಲಿ ಸೀಯಾ ಎನ್ನದೆ "ಪೆನ್ಸೊ ಕೆ ಎ" ಎಂದು ನಿಶ್ಚಯರೂಪ ಬಳಸುವುದನ್ನು ನೀವು ಕೇಳುತ್ತೀರಿ. ಕೊಂಜುಂತೀವೊ ಸತ್ತಿತು ಎಂಬ ಗೋಳೂ ಅಲ್ಲಿ ಹಳೆಯದು, 2018ರ ಸಾನ್ರೆಮೊ ಸಂಗೀತೋತ್ಸವದ ಹೊಸಬರ ವಿಭಾಗದಲ್ಲಿ ಈ ರೂಪದ ಬಗ್ಗೆಯೇ ಒಂದು ಹಾಡು ಸ್ಪರ್ಧೆಗಿತ್ತು. ಇಷ್ಟು ಕಾಳಜಿಗೆ ಇತಿಹಾಸವಿದೆ. 1861ರಲ್ಲಿ ದೇಶ ಒಂದಾದಾಗ ಇಟಾಲಿಯನ್ ಬಲ್ಲವರು ಶೇಕಡ 2.5ರಷ್ಟಿದ್ದರೆಂದು ಭಾಷಾವಿದ್ವಾಂಸ ತುಲ್ಲಿಯೊ ದೆ ಮಾವುರೊ ಅಂದಾಜು ಮಾಡಿದ್ದರು. ಉಳಿದವರಿಗೆ ಮನೆಯಲ್ಲಿ ಊರಿನ ನುಡಿ, ಶಾಲೆಯಲ್ಲಿ ಇಟಾಲಿಯನ್. ಹಾಗಾಗಿ ಕೊಂಜುಂತೀವೊ ಸರಿಯಾಗಿ ಬರುವುದು ಓದಿದವರ ಗುರುತಾಗಿ ನಿಂತಿತು. 1583ರಲ್ಲಿ ಫ್ಲಾರೆನ್ಸ್‌ನಲ್ಲಿ ಹುಟ್ಟಿದ, ಹಿಟ್ಟಿನಿಂದ ಹೊಟ್ಟನ್ನು ಬೇರ್ಪಡಿಸುವ ಜರಡಿಯನ್ನೇ ಲಾಂಛನ ಮಾಡಿಕೊಂಡಿರುವ ಕ್ರೂಸ್ಕಾ ಅಕಾಡೆಮಿ ಇಂದಿಗೂ ಜನರ ಭಾಷಾ ಸಂದೇಹಗಳಿಗೆ ಉತ್ತರಿಸುತ್ತದೆ.

ಈ ಕಟ್ಟುನಿಟ್ಟು ಅವರವರ ನಡುವಿನದು, ಕಲಿಯುವ ಪರದೇಶಿಯರ ಮೇಲಿನದಲ್ಲ. 1978ರ ಅಕ್ಟೋಬರ್ 16ರಂದು ಹೊಸ ಪೋಪ್ ಆಗಿ ಆಯ್ಕೆಯಾದ ಪೋಲೆಂಡಿನ ಎರಡನೆಯ ಜಾನ್ ಪಾಲ್ ಸಂತ ಪೀಟರ್ ಚೌಕದ ಜನರೆದುರು "ಸೀಯಾ ಲೊದಾತೊ", ಸ್ತುತಿಯಾಗಲಿ, ಎಂದು ಕೊಂಜುಂತೀವೊದಿಂದಲೇ ಆರಂಭಿಸಿದರು. ಬಳಿಕ, ನಾನು ತಪ್ಪಿದರೆ ನೀವು ತಿದ್ದುವಿರಿ ಎಂದು ಹೇಳುವಾಗ 'ಕೊರ್ರೆಜ್ಜೆರೇತೆ' ಎನ್ನಬೇಕಾದ ಕಡೆ 'ಕೊರ್ರಿಜೆರೇತೆ' ಎಂದುಬಿಟ್ಟರು. ಜನ ಚಪ್ಪಾಳೆ ತಟ್ಟಿದರು, ಆ ತಪ್ಪನ್ನು ಇಂದಿಗೂ ಪ್ರೀತಿಯಿಂದ ನೆನೆಯುತ್ತಾರೆ.

ಅಭ್ಯಾಸದ ಕ್ರಮ

ಮೊದಲ ವಾರ 2ನೆಯ ಹಂತದ ಮಾತುಗಳು, ಎರಡನೆಯ ವಾರ 3 ಮತ್ತು 4ನೆಯ ಹಂತದವು, ಮೂರನೆಯ ವಾರ ಕೋಷ್ಟಕ. ಅಲ್ಲಿಂದ ಮುಂದೆ ದಿನಕ್ಕೆ ಒಂದೇ ತಲೆಯನ್ನು, ಉದಾಹರಣೆಗೆ 'ಸ್ಪೇರೊ ಕೆ' ಎಂಬುದನ್ನು, ತೆಗೆದುಕೊಂಡು ನಿಮ್ಮ ಮನೆಯವರ ಬಗ್ಗೆ ಐದು ನಿಜವಾದ ವಾಕ್ಯ ಬರೆಯಿರಿ. ಅಮ್ಮನ ಮೊಣಕಾಲು ನೋವು ಕಡಿಮೆಯಾಗಲಿ, ತಮ್ಮನಿಗೆ ಕೆಲಸ ಸಿಗಲಿ, ಹೀಗೆ ನಿಜವಾಗಿ ಬಯಸುವುದನ್ನೇ ಬರೆದರೆ ರೂಪ ನೆನಪಿನಲ್ಲಿ ಉಳಿಯುತ್ತದೆ. ಬರೆದದ್ದನ್ನು ಗಟ್ಟಿಯಾಗಿ ಓದಿ. ಸಿಯೆನಾ ಮತ್ತು ಪೆರೂಜಾ ವಿಶ್ವವಿದ್ಯಾಲಯಗಳ ಬಿ1 (ಮಧ್ಯಮ) ಮಟ್ಟದ ಇಟಾಲಿಯನ್ ಪರೀಕ್ಷೆಗೆ ಸಿದ್ಧರಾಗುವವರು 6ನೆಯ ಹಂತದ ಮೇಲೆ ಹೆಚ್ಚು ಹೊತ್ತು ಕೂರಲಿ. 7ನೆಯ ಹಂತವನ್ನು ಅದು ಗಟ್ಟಿಯಾದ ಮೇಲೆ ಎತ್ತಿಕೊಳ್ಳಬಹುದು. ಪರೀಕ್ಷೆಯ ದಿನ ಯಾರಾದರೂ ತೋಳದ ಬಾಯಿಗೆ ಎಂದು ಹಾರೈಸಿದರೆ ಏನು ಉತ್ತರಿಸಬೇಕೆಂಬುದು ನಿಮಗೆ ತಿಳಿದೇ ಇದೆ.